ಜಾಯಿಕಾಯಿ ಸಸಿಯ ಜೊತೆಗೆ ಬಂದ ಎರೆಹುಳು

ಆರು ವರ್ಷಗಳ ಹಿಂದೆ ನಮ್ಮ ಅಡಿಕೆ ತೋಟದ ಮೇಲ್ಭಾಗದಲ್ಲಿ ಬಹುಕಾಲ ಬೀಳು ಬಿದ್ದಿದ್ದ ಜಂಬಿಟ್ಟಿಗೆ ನೆಲದಲ್ಲಿ ಜಾಯಿಕಾಯಿ ಬೆಳೆಸಬೇಕೆಂದು ಬೇರೆ ಜಿಲ್ಲೆಯ ಒಂದು ನರ್ಸರಿಯಿಂದ ಇಪ್ಪತ್ತು ಸಸಿಗಳನ್ನು ತಂದಿದ್ದೆ. ಮೃಗಶಿರ ಮಳೆ ಹಿಡಿದ ವಾರ ಪ್ಲಾಸ್ಟಿಕ್ ಚೀಲಗಳನ್ನು ಸೀಳಿ ಸಸಿಗಳನ್ನು ಗುಂಡಿಗೆ ಇಳಿಸುವಾಗ, ಬೇರನ್ನು ಸುತ್ತಿದ ಮಣ್ಣಿನ ಹೆಂಟೆಯ ತಳದಲ್ಲಿ ಮೂರು ನಾಲ್ಕು ಎರೆಹುಳುಗಳು ಕಂಡವು. ಎರೆಹುಳು ಕಂಡ ಕೃಷಿಕನಿಗೆ ಆಗುವ ಸಂತೋಷವೇ ನನಗೂ ಆಯಿತು. ಸಸಿಯ ಜೊತೆಗೆ ಒಳ್ಳೆಯ ಒಕ್ಕಲೂ ಬಂದಿತು ಎಂದುಕೊಂಡು ಮಣ್ಣು ಮುಚ್ಚಿದೆ. ಆದರೆ ಅವುಗಳಲ್ಲಿ ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಅದರ ಬಾಲದ ತುದಿ ಉಬ್ಬಿಕೊಂಡಿದ್ದುದೂ, ಬೆರಳಿಗೆ ತರಿತರಿಯಾಗಿ ತಾಗಿದ್ದೂ ಮನಸ್ಸಿನಲ್ಲಿ ಉಳಿಯಿತು. ನಮ್ಮ ತೋಟದಲ್ಲಿ ಬಾಲ್ಯದಿಂದ ನೋಡಿದ ಯಾವ ಹುಳುವಿಗೂ ಅಂಥ ಬಾಲ ಇರಲಿಲ್ಲ.

ಮರುವರ್ಷದಿಂದ ಆರಿದ್ರಾ ಮಳೆಯ ನಡುವೆ ಹೊಳವಾದ ಒಂದು ದಿನ, ಆ ಸಸಿಗಳಿಂದ ಹೊರಕ್ಕೆ ಹೆಜ್ಜೆ ಅಳೆಯುತ್ತ ಹೋಗಿ, ಅಲ್ಲಲ್ಲಿ ಒಂದೊಂದು ಗುದ್ದಲಿ ಮಣ್ಣು ಎತ್ತಿ ನೋಡುವುದನ್ನು ರೂಢಿ ಮಾಡಿಕೊಂಡೆ. ಇದನ್ನು ಶಾಸ್ತ್ರೀಯ ಪ್ರಯೋಗ ಎಂದು ಕರೆಯಲಾರೆ. ಒಬ್ಬ ತೋಟಿಗ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಲೆಕ್ಕ ಅಷ್ಟೇ. ಎರೆಹುಳು ಮಣ್ಣಿನೊಳಗೆ ಹೇಗೆ ಸಾಗುತ್ತದೆ, ತನ್ನಷ್ಟಕ್ಕೆ ಎಷ್ಟು ದೂರ ಹೋಗಬಲ್ಲದು ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಆ ಲೆಕ್ಕದಿಂದ. ಉತ್ತರ ಹುಡುಕುತ್ತ ಓದಿದ್ದನ್ನೂ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಎರೆಹುಳುವಿಗೆ ಕಾಲಿಲ್ಲ, ಮೂಳೆಯೂ ಇಲ್ಲ. ಉಂಗುರಗಳನ್ನು ಒತ್ತೊತ್ತಾಗಿ ಪೋಣಿಸಿದ ಒಂದು ಕೊಳವೆಯೇ ಅದರ ದೇಹ. ದೊಡ್ಡ ಹುಳುಗಳಲ್ಲಿ ಈ ಉಂಗುರಗಳ ಸಂಖ್ಯೆ ನೂರನ್ನು ದಾಟುತ್ತದೆ. ಚರ್ಮದ ಕೆಳಗೆ ಎರಡು ಪದರದ ಸ್ನಾಯುಗಳಿವೆ. ಹೊರಗಿನವು ಬಳೆಯ ಹಾಗೆ ದೇಹವನ್ನು ಸುತ್ತಿಕೊಂಡಿವೆ, ಒಳಗಿನವು ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಸಾಗಿವೆ. ಪ್ರತಿಯೊಂದು ಉಂಗುರವೂ ತೆಳುವಾದ ಅಡ್ಡಗೋಡೆಗಳ ನಡುವಿನ ಒಂದು ಕೋಣೆ, ಆ ಕೋಣೆಯ ತುಂಬ ದ್ರವವಿದೆ. ದ್ರವವನ್ನು ಎಷ್ಟು ಹಿಸುಕಿದರೂ ಅದರ ಗಾತ್ರ ಕಡಿಮೆಯಾಗುವುದಿಲ್ಲ. ಆದ್ದರಿಂದ ಬಳೆಯಂಥ ಸ್ನಾಯು ಬಿಗಿದಾಗ ಉಂಗುರ ಸಪೂರವಾಗಿ ಉದ್ದವಾಗುತ್ತದೆ, ಉದ್ದದ ಸ್ನಾಯು ಬಿಗಿದಾಗ ಗಿಡ್ಡವಾಗಿ ದಪ್ಪಗಾಗುತ್ತದೆ. ನಮ್ಮ ಮೈಯಲ್ಲಿ ಸ್ನಾಯುಗಳು ಮೂಳೆಯನ್ನು ಆಧರಿಸಿ ಎಳೆಯುತ್ತವೆ. ಎರೆಹುಳುವಿನಲ್ಲಿ ಆ ಆಧಾರವನ್ನು ಕೋಣೆಯೊಳಗಿನ ದ್ರವದ ಒತ್ತಡವೇ ಒದಗಿಸುತ್ತದೆ.

ಉದ್ದವಾಗುವುದು, ಗಿಡ್ಡವಾಗುವುದು ಇಷ್ಟೇ ಇದ್ದರೆ ಹುಳು ನಿಂತಲ್ಲೇ ಹಿಗ್ಗಿ ಕುಗ್ಗುತ್ತಿತ್ತು. ಮುಂದಕ್ಕೆ ಹೋಗಬೇಕಾದರೆ ದೇಹದ ಒಂದು ಭಾಗ ನೆಲವನ್ನು ಕಚ್ಚಿ ಹಿಡಿದಿರಬೇಕು. ಆ ಕೆಲಸಕ್ಕೆಂದು ಉಂಗುರಗಳಲ್ಲಿ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಬಿರುಗೂದಲುಗಳಿವೆ. ಯೂರೋಪಿನ ಸಾಮಾನ್ಯ ಎರೆಹುಳುಗಳಲ್ಲಿ ಉಂಗುರಕ್ಕೆ ಎಂಟು ಬಿರುಗೂದಲು. ಏಷ್ಯಾದ ಹಲವು ಹುಳುಗಳಲ್ಲಿ ಉಂಗುರದ ಸುತ್ತಲೂ ಸಾಲಾಗಿ ಹತ್ತಾರು ಇರುತ್ತವೆ. ಉಂಗುರ ದಪ್ಪಗಾದಾಗ ಅವು ಹೊರಚಾಚಿ ಬಿಲದ ಗೋಡೆಗೆ ಊರಿಕೊಳ್ಳುತ್ತವೆ, ಸಪೂರವಾದಾಗ ಒಳಸರಿಯುತ್ತವೆ. ಹುಳುವನ್ನು ಒಣ ಕಾಗದದ ಮೇಲೆ ಬಿಟ್ಟು ಕಿವಿಯನ್ನು ಹತ್ತಿರ ತಂದರೆ ಅವು ಕೆರೆಯುವ ಸಣ್ಣ ಸದ್ದು ಕೇಳುತ್ತದೆ. ಮಕ್ಕಳಿಗೆ ಇದನ್ನು ಒಮ್ಮೆಯಾದರೂ ಕೇಳಿಸಬೇಕು, ಕೇಳಿಸಿದ ಮೇಲೆ ಹುಳುವನ್ನು ಒದ್ದೆ ಮಣ್ಣಿಗೆ ಮರಳಿಸಬೇಕು. ಬಿಲಕ್ಕೆ ಅರ್ಧ ಇಳಿದ ಹುಳುವನ್ನು ಎಳೆಯಲು ಹೋದವರಿಗೆ ಈ ಹಿಡಿತದ ಬಲ ಗೊತ್ತಿರುತ್ತದೆ. ಹುಳು ತುಂಡಾದರೂ ಆಗಬಹುದು, ಹಿಡಿತ ಸಡಿಲವಾಗುವುದು ಕಷ್ಟ. ಹಾಗೆ ತುಂಡಾದರೆ ಎರಡು ಹುಳುಗಳಾಗುತ್ತವೆ ಎಂದು ಶಾಲೆಯಲ್ಲಿ ನಾವೆಲ್ಲ ನಂಬಿದ್ದೆವು, ಅದು ನಿಜವಲ್ಲ. ಕೆಲವು ಜಾತಿಗಳ ತಲೆಯ ಭಾಗ ಬದುಕಿ ಬಾಲವನ್ನು ಮತ್ತೆ ಬೆಳೆಸಿಕೊಳ್ಳಬಹುದು, ಒಂದು ಎರಡಾಗುವುದಿಲ್ಲ.

ಹೀಗೆ ತಲೆಯ ಕಡೆಯ ಉಂಗುರಗಳು ಸಪೂರವಾಗಿ ಮುಂದಕ್ಕೆ ಚಾಚುತ್ತವೆ, ಆಮೇಲೆ ದಪ್ಪಗಾಗಿ ಅಲ್ಲಿ ಊರುತ್ತವೆ, ಹಿಂದಿನ ಭಾಗವನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಈ ಚಾಚು ಮತ್ತು ಊರು ಅಲೆಯಾಗಿ ತಲೆಯಿಂದ ಬಾಲದ ಕಡೆಗೆ ಹರಿಯುತ್ತದೆ. ಹುಳು ಮುಂದಕ್ಕೆ ಸಾಗುವಾಗ ಅಲೆ ಹಿಂದಕ್ಕೆ ಸಾಗುತ್ತದೆ ಎಂಬುದನ್ನು ನಾನು ಎಷ್ಟೋ ವರ್ಷ ನೋಡಿಯೂ ಗಮನಿಸಿರಲಿಲ್ಲ. ಕಂಬಳಿಹುಳುವಿನ ಮೈಮೇಲೆ ಅಲೆ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಎರಡನ್ನೂ ಒಂದೇ ಬೆಳಗ್ಗೆ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ.

ನೆಲದ ಮೇಲೆ ಹರಿಯುವುದು ಹೀಗಾದರೆ ಗಟ್ಟಿ ಮಣ್ಣಿನೊಳಗೆ ದಾರಿ ಮಾಡಿಕೊಳ್ಳುವುದು ಇನ್ನೂ ಶ್ರಮದ ಕೆಲಸ. ಅದಕ್ಕೆ ಹುಳುವಿನ ಬಳಿ ಎರಡು ಉಪಾಯಗಳಿವೆ. ಮಣ್ಣು ಸಡಿಲವಾಗಿದ್ದರೆ ಚೂಪಾದ ಮೂತಿಯನ್ನು ಸಣ್ಣ ಬಿರುಕಿಗೆ ತೂರಿಸಿ, ಆಮೇಲೆ ಆ ಭಾಗವನ್ನೇ ದಪ್ಪ ಮಾಡಿ ಬಿರುಕನ್ನು ಅಗಲಿಸುತ್ತದೆ. ಕಲ್ಲು ಸೀಳುವವರು ಬೆಣೆ ಹೊಡೆದ ಹಾಗೆ. ಮಣ್ಣು ಜಗ್ಗದಷ್ಟು ಬಿಗಿಯಾಗಿದ್ದರೆ ಅದನ್ನು ನುಂಗಿ ದಾರಿ ತೆರೆಯುತ್ತದೆ, ನುಂಗಿದ್ದನ್ನು ಹಿಂದೆ ಹಿಕ್ಕೆಯಾಗಿ ಬಿಡುತ್ತದೆ. ಅಮೆರಿಕದ ಜೀವಶಾಸ್ತ್ರಜ್ಞೆ ಕಿಮ್ ಕ್ವಿಲಿನ್ ಎರೆಹುಳುಗಳ ತಳ್ಳುಬಲವನ್ನು ಅಳೆದಾಗ, ಆಗತಾನೆ ಹುಟ್ಟಿದ ಮರಿ ತನ್ನ ತೂಕದ ಸುಮಾರು 500 ಪಟ್ಟು ಬಲದಿಂದ ತಳ್ಳಬಲ್ಲದು, ದೊಡ್ಡ ಹುಳು ತನ್ನ ತೂಕದ ಸುಮಾರು 10 ಪಟ್ಟು ಮಾತ್ರ ತಳ್ಳಬಲ್ಲದು ಎಂದು ಕಂಡುಬಂದಿತ್ತು. ಟ್ರ್ಯಾಕ್ಟರ್ ಓಡಾಡಿ ಬಿಗಿದ ನೆಲದಲ್ಲಿ ದೊಡ್ಡ ಹುಳುಗಳು ಕಾಣೆಯಾಗಿ ಸಣ್ಣವು ಉಳಿದಿರುವುದನ್ನು ನೋಡಿದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಎರೆಹುಳು ತಾನು ಚಲಿಸುವುದರ ಜೊತೆಗೆ ಮಣ್ಣನ್ನೂ ಚಲಿಸುತ್ತದೆ. ಇದನ್ನು ದಶಕಗಳ ತಾಳ್ಮೆಯಿಂದ ಅಳೆದವನು ಚಾರ್ಲ್ಸ್ ಡಾರ್ವಿನ್. 1842ರಲ್ಲಿ ಇಂಗ್ಲೆಂಡಿನ ಡೌನ್ ಎಂಬ ಊರಿನ ತನ್ನ ಮನೆಯ ಬಳಿಯ ಹುಲ್ಲುಗಾವಲಿನಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿದ್ದ ಆತ, 1871ರಲ್ಲಿ ಅಲ್ಲಿ ಕಾಲುವೆ ತೋಡಿಸಿದಾಗ ಆ ಬಿಳಿಯ ಚೂರುಗಳು ಮೇಲ್ಮೈಯಿಂದ 7 ಇಂಚು ಕೆಳಗೆ ಒಂದು ಗೆರೆಯಾಗಿ ಸಿಕ್ಕವು. 29 ವರ್ಷ ಎರೆಹುಳುಗಳು ಕೆಳಗಿನ ಮಣ್ಣನ್ನು ಹಿಕ್ಕೆಯಾಗಿ ಮೇಲೆ ತಂದು ಹಾಕುತ್ತಲೇ ಇದ್ದುದರಿಂದ ಸುಣ್ಣ ತಾನಾಗಿ ಹೂತುಹೋಗಿತ್ತು. 1881ರಲ್ಲಿ, ಸಾಯುವ ಹಿಂದಿನ ವರ್ಷ, ಡಾರ್ವಿನ್ ಪ್ರಕಟಿಸಿದ ಕೊನೆಯ ಪುಸ್ತಕ ಎರೆಹುಳುಗಳನ್ನು ಕುರಿತದ್ದೇ ಆಗಿತ್ತು. ಅದರಲ್ಲಿ ನಮಗೆ ಹತ್ತಿರದ ಒಂದು ಪ್ರಸ್ತಾಪವೂ ಇದೆ: ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಡಾಕ್ಟರ್ ಕಿಂಗ್ ಅವರು ನೀಲಗಿರಿ ಬೆಟ್ಟಗಳ ಎತ್ತರದಲ್ಲಿ ಸಂಗ್ರಹಿಸಿ ಕಳಿಸಿದ್ದ ಭಾರೀ ಗಾತ್ರದ ಹಿಕ್ಕೆಗಳನ್ನು ಡಾರ್ವಿನ್ ತೂಗಿ ನೋಡಿದ್ದ. ಮಳೆಗಾಲದ ಬೆಳಗ್ಗೆ ನಮ್ಮ ಘಟ್ಟದ ಕಾಡಿನಂಚಿನಲ್ಲಿ ಚಕ್ಕುಲಿ ಒತ್ತಿಟ್ಟಂತೆ, ಗೋಪುರ ಕಟ್ಟಿದಂತೆ ಕಾಣುವ ಗುಪ್ಪೆಗಳನ್ನು ನೋಡಿದವರಿಗೆ ಆ ಬೆರಗು ಅರ್ಥವಾಗುತ್ತದೆ.

ಎಲ್ಲ ಎರೆಹುಳುಗಳೂ ಒಂದೇ ರೀತಿ ಬದುಕುವುದಿಲ್ಲ, ಒಂದೇ ದಿಕ್ಕಿನಲ್ಲಿ ಚಲಿಸುವುದೂ ಇಲ್ಲ. ಫ್ರಾನ್ಸಿನ ಮಾರ್ಸೆಲ್ ಬುಷೆ 1970ರ ದಶಕದಲ್ಲಿ ಮಾಡಿದ ವಿಂಗಡಣೆಯನ್ನು ನನ್ನ ತೋಟದಲ್ಲೇ ತೋರಿಸಬಹುದು. ದರಕಿನ ರಾಶಿಯಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಚುರುಕಾಗಿ ಹೊರಳಾಡುವ ಕೆಂಪು ಹುಳುಗಳು ಬಿಲ ಕೊರೆಯುವುದೇ ಅಪರೂಪ; ಅವು ಮೇಲ್ಪದರದ ವಾಸಿಗಳು. ಬೇರುಗಳ ನಡುವೆ ಮಣ್ಣು ತಿನ್ನುತ್ತ ಅಡ್ಡಡ್ಡಲಾಗಿ ಸಾಗುವ ಮಸುಕು ಬಣ್ಣದವು ಎರಡನೆಯ ಗುಂಪಿನವು. ಆಳಕ್ಕೆ ನೇರ ಬಿಲ ತೋಡಿ, ರಾತ್ರಿ ಮೇಲೆ ಬಂದು ಎಲೆಯನ್ನು ಒಳಗೆಳೆದುಕೊಂಡು ಹೋಗುವವು ಮೂರನೆಯವು. ಈ ಮೂರನೆಯ ಗುಂಪಿಗೆ ಸೇರಿದ ಯೂರೋಪಿನ ಒಂದು ಹುಳು, ಒದ್ದೆ ರಾತ್ರಿಯೊಂದರಲ್ಲಿ ನೆಲದ ಮೇಲೆ 19 ಮೀಟರ್ ಹೋದದ್ದನ್ನು ಅದರ ಜಾಡು ಹಿಡಿದು ಅಳೆದಿದ್ದಾರೆ. ಎರಡನೆಯ ಗುಂಪಿನವು ಅಷ್ಟು ದೂರ ಅಲೆಯುವುದಿಲ್ಲ. ಎರೆಗೊಬ್ಬರದ ತೊಟ್ಟಿಯ ಹುಳುಗಳನ್ನು ಹೊಲಕ್ಕೆ ಬಿಟ್ಟರೆ ಅವು ನೆಲವನ್ನು ಆಳದವರೆಗೆ ಉಳುತ್ತವೆ ಎಂದು ಅನೇಕರು ನಂಬಿದ್ದಾರೆ. ತೊಟ್ಟಿಯಲ್ಲಿ ಸಾಕುವ ಆಫ್ರಿಕಾ ಮೂಲದ ಯೂಡ್ರಿಲಸ್ ಆಗಲಿ, ಯೂರೋಪ್ ಮೂಲದ ಐಸೀನಿಯಾ ಆಗಲಿ ಮೇಲ್ಪದರದವು. ದಪ್ಪ ಮುಚ್ಚಿಗೆಯಿಲ್ಲದ ಬರಿನೆಲದಲ್ಲಿ ಅವಕ್ಕೆ ಬದುಕೇ ಕಷ್ಟ. ಗೊಬ್ಬರ ಮಾಡಲು ಅವು ಬಹಳ ಒಳ್ಳೆಯವು, ಉಳಲು ಅಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿರುತ್ತೇನೆ.

ಚಲನೆಗೆ ಇರುವ ದೊಡ್ಡ ಮಿತಿ ತೇವ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಲೋಳೆಯಿಂದ ಒದ್ದೆಯಾದ ಚರ್ಮದ ಮೂಲಕವೇ ಅದು ಉಸಿರಾಡುತ್ತದೆ, ಚರ್ಮ ಒಣಗಿದರೆ ಉಸಿರು ನಿಂತಂತೆ. ನಮ್ಮಲ್ಲಿ ಸಂಕ್ರಾಂತಿ ಕಳೆದ ಮೇಲೆ ಮೇಲ್ಮಣ್ಣು ಒಣಗುತ್ತ ಬರುವಾಗ ಹಲವು ಹುಳುಗಳು ಆಳಕ್ಕೆ ಇಳಿದು, ಸಣ್ಣ ಗೂಡಿನಂಥ ಜಾಗ ಮಾಡಿಕೊಂಡು, ಗಂಟು ಹಾಕಿದ ದಾರದ ಹಾಗೆ ಸುರುಳಿಯಾಗಿ ಮಲಗಿಬಿಡುತ್ತವೆ. ಒಂದು ಮಾರ್ಚಿನಲ್ಲಿ ಬಾಳೆಯ ಗುಂಡಿ ತೋಡುವಾಗ ಅಂಥ ಒಂದು ಗಂಟು ಸಿಕ್ಕಿ, ಸತ್ತಿದೆಯೆಂದುಕೊಂಡು ಒದ್ದೆ ಗೋಣಿಯ ಮೇಲೆ ಇಟ್ಟಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅದು ಬಿಚ್ಚಿಕೊಂಡು ಹೊರಟಿತ್ತು. ಹೀಗಾಗಿ ಮಲೆನಾಡಿನ ಹುಳುವಿಗೆ ಪ್ರಯಾಣದ ಕಾಲ ವರ್ಷಕ್ಕೆ ಐದಾರು ತಿಂಗಳು ಮಾತ್ರ, ನೀರು ಹಾಯಿಸುವ ತೋಟದಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ದೊಡ್ಡ ಮಳೆಯ ಬೆಳಗ್ಗೆ ಅಂಗಳದ ತುಂಬ ಎರೆಹುಳುಗಳು ಹರಿದಾಡುವುದೇಕೆ ಎಂಬ ಪ್ರಶ್ನೆಗೆ ‘ಬಿಲಕ್ಕೆ ನೀರು ನುಗ್ಗಿ ಉಸಿರು ಕಟ್ಟುತ್ತದೆ’ ಎಂಬುದು ನಮಗೆಲ್ಲ ಗೊತ್ತಿರುವ ಉತ್ತರ. ಅದು ಪೂರ್ತಿ ಸರಿಯಲ್ಲ. ಆಮ್ಲಜನಕ ಕರಗಿರುವ ನೀರಿನಲ್ಲಿ ಅನೇಕ ಎರೆಹುಳುಗಳು ದಿನಗಟ್ಟಲೆ ಬದುಕಿರುತ್ತವೆ. ತೈವಾನಿನ ಇಬ್ಬರು ಸಂಶೋಧಕರು 2008ರಲ್ಲಿ ಎರಡು ಜಾತಿಗಳನ್ನು ಹೋಲಿಸಿ, ಹೆಚ್ಚು ಆಮ್ಲಜನಕ ಬಳಸುವ ಜಾತಿ ಭಾರೀ ಮಳೆಯ ರಾತ್ರಿ ಹೊರಬರುತ್ತದೆ, ಕಡಿಮೆ ಬಳಸುವ ಜಾತಿ ನೀರು ತುಂಬಿದ ಮಣ್ಣಿನಲ್ಲೇ ಉಳಿಯುತ್ತದೆ ಎಂದು ತೋರಿಸಿದರು. ಹಾಗೆ ಉಳಿದ ಜಾತಿಯ ಹೆಸರನ್ನು ನೆನಪಿಟ್ಟುಕೊಳ್ಳಬೇಕು: ಪಾಂಟೋಸ್ಕೋಲೆಕ್ಸ್ ಕೊರೆತ್ರೂರಸ್. ಮತ್ತೊಂದು ಕಾರಣವನ್ನೂ ವಿಜ್ಞಾನಿಗಳು ಹೇಳುತ್ತಾರೆ. ಮಳೆಯ ರಾತ್ರಿ ನೆಲದ ಮೇಲ್ಮೈ ಒದ್ದೆಯಾಗಿರುವುದರಿಂದ ಚರ್ಮ ಒಣಗುವ ಭಯವಿಲ್ಲ. ಮಣ್ಣು ಕೊರೆಯುತ್ತ ಅಂಗುಲ ಅಂಗುಲ ಸಾಗುವ ಬದಲು ಮೇಲೇ ಹರಿದು ಹೊಸ ಜಾಗ ಹುಡುಕಿಕೊಳ್ಳಬಹುದು. ಬೆಳಗಾಗುವಷ್ಟರಲ್ಲಿ ಮಣ್ಣು ಸೇರಿದರೆ ಉಳಿಯಿತು. ಸಿಮೆಂಟಿನ ಅಂಗಳದಲ್ಲಿ ಸಿಕ್ಕಿಕೊಂಡರೆ ಬಿಸಿಲಿಗೂ ಮಡಿವಾಳ ಹಕ್ಕಿಗೂ ಬಲಿ.

ಹಾಗಾದರೆ ಒಂದು ಜಾತಿಯ ಹುಳುಗಳ ಸಮೂಹ ವರ್ಷಕ್ಕೆ ಎಷ್ಟು ದೂರ ಹರಡುತ್ತದೆ? ಇದನ್ನು ಅಳೆಯಬೇಕಾದರೆ ಮೊದಲು ಎರೆಹುಳು ಇಲ್ಲದ ನೆಲ ಬೇಕು. ಅಂಥ ನೆಲ ನೆದರ್ಲೆಂಡ್ಸಿನಲ್ಲಿ ಸಿಕ್ಕಿತು. ಸಮುದ್ರವನ್ನು ಹಿಂದಕ್ಕೆ ತಳ್ಳಿ ಪಡೆದ ಪೋಲ್ಡರ್ ಭೂಮಿಯಲ್ಲಿ ಎರೆಹುಳುಗಳಿರಲಿಲ್ಲ. ಅಲ್ಲಿ ಬೇಕೆಂದೇ ಬಿಟ್ಟ ಹುಳುಗಳ ಅಂಚು ವರ್ಷ ವರ್ಷ ಎಷ್ಟು ಮುಂದೆ ಸರಿಯಿತು ಎಂದು ಗುರುತು ಹಾಕಿದರು. ನ್ಯೂಜಿಲೆಂಡಿನಲ್ಲಿ ಯೂರೋಪಿನ ಹುಳುಗಳಿದ್ದ ಹುಲ್ಲುಗಾವಲಿನಿಂದ ಮಣ್ಣಿನ ಹೆಂಟೆಗಳನ್ನು ಕತ್ತರಿಸಿ ತಂದು, ಹುಳುಗಳಿಲ್ಲದ ಹುಲ್ಲುಗಾವಲಿನಲ್ಲಿ ಅಂತರ ಬಿಟ್ಟು ಇಟ್ಟು ನೋಡಿದರು. ಹಿಮಯುಗದ ಹಿಮರಾಶಿ ಹೊದ್ದಿದ್ದ ಕಾರಣ ಸ್ಥಳೀಯ ಎರೆಹುಳುಗಳೇ ಇರದ ಉತ್ತರ ಅಮೆರಿಕದ ಮಿನೆಸೋಟದ ಕಾಡುಗಳಲ್ಲಿ ಯೂರೋಪಿನ ಹುಳುಗಳು ಮುನ್ನುಗ್ಗುವುದನ್ನೂ ಅಳೆದಿದ್ದಾರೆ. ಎಲ್ಲ ಕಡೆಯೂ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ: ವರ್ಷಕ್ಕೆ ಸುಮಾರು 5ರಿಂದ 10 ಮೀಟರ್.

ನನ್ನ ನೋಟ್‌ಬುಕ್ಕಿನ ಮೊದಲ ಮೂರು ವರ್ಷಗಳ ಲೆಕ್ಕವೂ ಇದಕ್ಕೆ ದೂರವಿಲ್ಲ. ನೆಟ್ಟ ಮರುವರ್ಷ ತರಿಬಾಲದ ಹುಳು ಸಸಿಯ ಬುಡದಿಂದ ಮೂರು ಹೆಜ್ಜೆಯೊಳಗೆ ಸಿಕ್ಕಿತ್ತು. ಎರಡನೆಯ ವರ್ಷ ಒಂಬತ್ತು ಹೆಜ್ಜೆ, ಮೂರನೆಯ ವರ್ಷ ಹದಿನೇಳು. ನಾಲ್ಕನೆಯ ವರ್ಷ ಲೆಕ್ಕ ತಪ್ಪಿತು. ಎಂಬತ್ತು ಹೆಜ್ಜೆ ಕೆಳಗೆ, ಹಳೆಯ ಅಡಿಕೆ ತೋಟದ ಬಸಿಗಾಲುವೆಯ ದಂಡೆಯಲ್ಲಿ ಅದೇ ಬಾಲದ ಹುಳು ಗುದ್ದಲಿಗೆ ಬಂತು. ನಡುವಿನ ಜಾಗದಲ್ಲಿ ಎಷ್ಟು ಅಗೆದರೂ ಅದು ಸಿಗಲಿಲ್ಲ. ಎರಡು ದಿನ ಯೋಚಿಸಿದ ಮೇಲೆ ಕಾರಣ ಹೊಳೆಯಿತು: ಹಿಂದಿನ ಬೇಸಿಗೆಯಲ್ಲಿ ತೋಟಕ್ಕೆ ಹೊಸ ಮಣ್ಣು ಹಾಕುವಾಗ ಜಾಯಿಕಾಯಿ ಸಾಲಿನ ಪಕ್ಕದ ದರೆಯಿಂದಲೇ ಮಣ್ಣು ಕಡಿಸಿ, ಬುಟ್ಟಿಯಲ್ಲಿ ಹೊರಿಸಿ, ಆ ದಂಡೆಗೆ ಹಾಕಿಸಿದ್ದೆ. ಹುಳು ಸುಮಾರು ಹತ್ತು ವರ್ಷಗಳಲ್ಲಿ ಸಾಗಬೇಕಾದ ದೂರವನ್ನು ನಾನು ಒಂದು ಮಧ್ಯಾಹ್ನದಲ್ಲಿ ದಾಟಿಸಿದ್ದೆ.

ಅದೇ ಲೆಕ್ಕವನ್ನು ಮುಂದುವರಿಸಿ ನೋಡಿದೆ. ವರ್ಷಕ್ಕೆ 10 ಮೀಟರ್ ಎಂದರೆ ಒಂದು ಕಿಲೋಮೀಟರಿಗೆ 100 ವರ್ಷ. ಸಸಿ ತಂದ ನರ್ಸರಿ ನಮ್ಮ ಮನೆಯಿಂದ 150 ಕಿಲೋಮೀಟರ್ ದೂರದಲ್ಲಿದೆ. ನಡುವೆ ಹೊಳೆ, ರಸ್ತೆ, ಬಂಡೆ ಯಾವುದೂ ಅಡ್ಡ ಬಾರದಿದ್ದರೂ ಹುಳುಗಳ ಸಂತತಿ ತಾನಾಗಿ ಇಲ್ಲಿಗೆ ತಲುಪಲು 15,000 ವರ್ಷ ಬೇಕಿತ್ತು. ಜೀಪಿನ ಹಿಂಬದಿಯಲ್ಲಿ ಚೀಲದ ಮಣ್ಣಿನೊಳಗೆ ಅವು ಐದು ಗಂಟೆಯಲ್ಲಿ ಬಂದವು.

ಹುಳುವೇ ಬರಬೇಕೆಂದೂ ಇಲ್ಲ. ಎರೆಹುಳು ಮೊಟ್ಟೆಗಳನ್ನು ಒಂದು ಸಣ್ಣ ಕೋಶದಲ್ಲಿ ಇಡುತ್ತದೆ. ನಿಂಬೆಹಣ್ಣಿನ ಆಕಾರದ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಆ ಕೋಶ ಬೇರಿಗೆ ಅಂಟಿದ ಮಣ್ಣಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ದನದ ಗೊರಸಿನ ಕೆಸರು, ಟ್ರ್ಯಾಕ್ಟರಿನ ಚಕ್ರ, ನೆರೆಯ ನೀರು, ಗೊಬ್ಬರದ ಲೋಡು ಯಾವುದರ ಜೊತೆಯಲ್ಲಾದರೂ ಅದು ಸಾಗಬಲ್ಲದು. ಸಾಮಾನ್ಯವಾಗಿ ಎರೆಹುಳುಗಳಲ್ಲಿ ಒಂದೇ ದೇಹದಲ್ಲಿ ಗಂಡು ಹೆಣ್ಣು ಎರಡೂ ಅಂಗಗಳಿದ್ದರೂ ಸಂತಾನಕ್ಕೆ ಎರಡು ಹುಳುಗಳು ಕೂಡಬೇಕು; ಆದರೆ ಕೆಲವು ಜಾತಿಗಳು ಜೊತೆಯಿಲ್ಲದೆಯೇ ಮರಿ ಮಾಡುತ್ತವೆ. ಅಂಥ ಜಾತಿಯ ಒಂದೇ ಒಂದು ಹುಳು ಹೊಸ ಊರಿಗೆ ತಲುಪಿದರೂ ಅಲ್ಲಿ ವಂಶ ನೆಲೆಗೊಳ್ಳಲು ಸಾಕು.

ಮೂರನೆಯ ವರ್ಷ ನಾನು ಹುಳುವನ್ನು ಪರಿಚಯದ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರಿಗೆ ತೋರಿಸಿದ್ದೆ. ಮಸೂರದಡಿ ಬಾಲದ ಬಿರುಗೂದಲುಗಳನ್ನು ನೋಡಿದ ಕೂಡಲೇ ಅವರು ಹೇಳಿದ ಹೆಸರು ಪಾಂಟೋಸ್ಕೋಲೆಕ್ಸ್ ಕೊರೆತ್ರೂರಸ್. ಎರಡನೆಯ ಪದಕ್ಕೆ ಗ್ರೀಕಿನಲ್ಲಿ ‘ಪೊರಕೆಯಂಥ ಬಾಲದ್ದು’ ಎಂದು ಅರ್ಥ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಪೊರಕೆಬಾಲ ಎಂದೇ ಹೆಸರು. ಬಾಲದಲ್ಲಿ ಬಿರುಗೂದಲುಗಳು ಉಂಗುರದಿಂದ ಉಂಗುರಕ್ಕೆ ಸಾಲು ಬದಲಿಸಿ ಚೆಲ್ಲಿದಂತೆ ನಿಂತಿರುವುದೇ ಆ ತರಿತರಿಗೆ ಕಾರಣ. ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ವಿಜ್ಞಾನಿ ಫ್ರಿಟ್ಸ್ ಮ್ಯೂಲರ್ 1850ರ ದಶಕದಲ್ಲಿ ಇದನ್ನು ಮೊದಲಿಗೆ ವರ್ಣಿಸಿದರು. ಇದರ ಮೂಲ ನೆಲೆ ದಕ್ಷಿಣ ಅಮೆರಿಕದ ಈಶಾನ್ಯದ ಗಯಾನಾ ಪ್ರದೇಶ ಎಂದು ತಜ್ಞರು ಭಾವಿಸುತ್ತಾರೆ. ಇಂದು ಭೂಮಧ್ಯರೇಖೆಯ ಇಕ್ಕೆಲದ ಬಿಸಿ ನಾಡುಗಳಲ್ಲಿ ಇದು ಇಲ್ಲದ ತೋಟ ಅಪರೂಪ. ಪಶ್ಚಿಮ ಘಟ್ಟದ ತೋಟಗಳಲ್ಲೂ ಕೇರಳದ ರಬ್ಬರ್ ನೆಡುತೋಪುಗಳಲ್ಲೂ ಹೇರಳವಾಗಿದೆ. ಜೊತೆಯಿಲ್ಲದೆ ಮರಿ ಮಾಡುವ ಜಾತಿಗಳಲ್ಲಿ ಇದೂ ಒಂದು. ಎಷ್ಟೋ ದೊಡ್ಡ ಮಳೆಯ ಬೆಳಗ್ಗೆ ಅಂಗಳದಲ್ಲಿ ಬೇರೆ ಹುಳುಗಳು ಕಂಡರೂ ಪೊರಕೆಬಾಲ ಮಾತ್ರ ಏಕೆ ಕಾಣುವುದಿಲ್ಲ ಎಂಬುದೂ ತೈವಾನಿನ ಆ ಅಧ್ಯಯನ ಓದಿದಾಗ ತಿಳಿಯಿತು.

ಸಾಗರ ದಾಟಿ ಇಂಥ ಹುಳುಗಳು ಹೋದ ದಾರಿ ಗಿಡಗಳು ಹೋದ ದಾರಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬು, ಕಾಫಿ, ರಬ್ಬರ್, ಆರ್ಕಿಡ್ ಮೊದಲಾದವುಗಳ ಸಸಿಗಳು ಗಾಜಿನ ವಾರ್ಡಿಯನ್ ಪೆಟ್ಟಿಗೆಗಳಲ್ಲಿ ಒದ್ದೆ ಮಣ್ಣಿನ ಸಮೇತ ಖಂಡದಿಂದ ಖಂಡಕ್ಕೆ ಪಯಣಿಸಿದವು. ಹಡಗಿನ ಸಮತೋಲಕ್ಕೆಂದು ತುಂಬಿದ ಮಣ್ಣು ಕಲ್ಲುಗಳೂ ಬಂದರುಗಳಲ್ಲಿ ಇಳಿದವು. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಫ್ರಾಂಕ್ ಬೆಡ್ಡಾರ್ಡ್ ಉಷ್ಣವಲಯದ ಹಲವು ಎರೆಹುಳುಗಳನ್ನು ಪರಿಶೀಲಿಸಿದ್ದು ಆ ನಾಡುಗಳಿಗೆ ಹೋಗಿ ಅಲ್ಲ, ಲಂಡನ್ನಿನ ಕ್ಯೂ ಉದ್ಯಾನಕ್ಕೆ ಬಂದಿಳಿದ ಗಿಡಗಳ ಮಣ್ಣಿನಲ್ಲಿ. ಬರ್ಮಾದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು ಅಲ್ಲಿನ ಎರೆಹುಳುಗಳನ್ನು ಅಭ್ಯಸಿಸಿದ ಗೋರ್ಡನ್ ಗೇಟ್ಸ್ ಮುಂದೆ ಅಮೆರಿಕದಲ್ಲಿ, ಹೊರದೇಶದ ಗಿಡಗಳ ತಪಾಸಣೆಯಲ್ಲಿ ಹಿಡಿದ ಹುಳುಗಳನ್ನು ಗುರುತಿಸುವ ಕೆಲಸವನ್ನೂ ಮಾಡಿದರು.

ಮನುಷ್ಯನ ಕೈವಾಡಕ್ಕೆ ಮುಂಚೆ ಎರೆಹುಳುಗಳಿಗೆ ಸಮುದ್ರ ದಾಟಲಾಗದ ಗೋಡೆಯಾಗಿತ್ತು. ಉಪ್ಪುನೀರಿನಲ್ಲಿ ಬಹುತೇಕ ಜಾತಿಗಳು ಬದುಕುವುದಿಲ್ಲ. ಹಾಗಿದ್ದರೂ ದಕ್ಷಿಣ ಗೋಳದ ದೂರದೂರದ ಭೂಭಾಗಗಳಲ್ಲಿ ಹತ್ತಿರದ ಸಂಬಂಧಿ ಹುಳುಗಳು ಸಿಗುವುದನ್ನು ಕಂಡ ಹ್ಯಾಂಬರ್ಗಿನ ಎರೆಹುಳು ತಜ್ಞ ವಿಲ್ಹೆಲ್ಮ್ ಮೈಕೆಲ್ಸನ್, ಖಂಡಗಳೇ ಒಂದು ಕಾಲಕ್ಕೆ ಕೂಡಿದ್ದವು ಎಂಬ ಜರ್ಮನ್ ವಿಜ್ಞಾನಿ ವೆಗೆನರ್ ಅವರ ವಾದವನ್ನು ಬೆಂಬಲಿಸಿದರು. ಭೂವಿಜ್ಞಾನಿಗಳಲ್ಲಿ ಬಹುಮಂದಿ ಆ ವಾದವನ್ನು ತಳ್ಳಿಹಾಕುತ್ತಿದ್ದ 1920ರ ದಶಕದಲ್ಲಿ ಎರೆಹುಳು ಅದರ ಪರವಾಗಿ ಸಾಕ್ಷಿ ನುಡಿದಿತ್ತು. ನಮ್ಮ ದಕ್ಷಿಣ ಭಾರತದ ಒಂದು ಮುಖ್ಯ ಎರೆಹುಳು ಕುಲಕ್ಕೆ 1900ರಲ್ಲಿ ‘ದ್ರವಿಡ’ ಎಂದು ಹೆಸರಿಟ್ಟವರೂ ಇದೇ ಮೈಕೆಲ್ಸನ್. ತೋಟಕ್ಕೆ ಸೊಪ್ಪು ತರುವ ಕಾಡಾದ ನಮ್ಮ ಸೊಪ್ಪಿನ ಬೆಟ್ಟದ ನೆರಳಿನಲ್ಲಿ, ಹಳೆಯ ಮರಗಳ ಬುಡದಲ್ಲಿ ಸಿಗುವ ನೀಲಿ ಛಾಯೆಯ ಬೂದುಬಣ್ಣದ ದಪ್ಪ ಹುಳು ಆ ಕುಲದ್ದೆಂದು ಅಧ್ಯಾಪಕರು ತಿಳಿಸಿದರು. ಭಾರತದಲ್ಲಿ ಗುರುತಿಸಲಾದ ನಾಲ್ಕುನೂರಕ್ಕೂ ಹೆಚ್ಚು ಜಾತಿಗಳಲ್ಲಿ ಅನೇಕವು ಹೀಗೆ ಒಂದೊಂದು ಬೆಟ್ಟಸಾಲಿಗೆ ಅಂಟಿಕೊಂಡವು, ಬೇರೆಲ್ಲೂ ಸಿಗದವು.

ಹೊಸ ಹುಳು ಬಂದರೆ ಕೇಡೇ ಎಂದು ಹೇಳುವಷ್ಟು ಆಧಾರ ನನ್ನ ಬಳಿ ಇಲ್ಲ. ಜಾಯಿಕಾಯಿ ಸಸಿಗಳು ಚೆನ್ನಾಗಿಯೇ ಬೆಳೆದಿವೆ. ಆದರೆ ಬ್ರೆಜಿಲ್‌ನ ಮನಾಸ್ ಬಳಿ ಕಾಡು ಕಡಿದು ಮಾಡಿದ ಹುಲ್ಲುಗಾವಲಿನಲ್ಲಿ ನಡೆದದ್ದನ್ನು ಓದಿದ ಮೇಲೆ ನಿಶ್ಚಿಂತೆಯಿಂದ ಇರಲೂ ಆಗಲಿಲ್ಲ. ಅಲ್ಲಿ ಮಣ್ಣನ್ನು ಸಡಿಲ ಮಾಡುತ್ತಿದ್ದ ಇತರ ಜೀವಿಗಳು ಕಾಡಿನ ಜೊತೆಗೇ ಹೋದವು, ಪೊರಕೆಬಾಲ ಒಂದೇ ವಿಪರೀತ ಹೆಚ್ಚಿತು. ವರ್ಷಕ್ಕೆ ಹೆಕ್ಟೇರಿಗೆ 100 ಟನ್ನಿಗೂ ಹೆಚ್ಚು ಹಿಕ್ಕೆ ಮೇಲ್ಮೈಗೆ ಬಂದು, ನೀರಿಳಿಯದ ಬಿಗಿ ಪದರವಾಗಿ ಕಟ್ಟಿಕೊಂಡಿತು ಎಂದು 1999ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಮಿನೆಸೋಟದ ಕಾಡುಗಳಲ್ಲಿ, ಮೀನು ಹಿಡಿಯುವವರು ಗಾಳಕ್ಕೆಂದು ತಂದು ಉಳಿದದ್ದನ್ನು ಚೆಲ್ಲಿಹೋದ ಹುಳುಗಳು ನೆಲದ ಮೇಲಿನ ದಪ್ಪ ಎಲೆಹಾಸನ್ನು ತಿಂದು ಮುಗಿಸಿ, ಅದರಲ್ಲೇ ಮೊಳೆಯುತ್ತಿದ್ದ ಗಿಡಗಳಿಗೆ ನೆಲೆಯಿಲ್ಲದಂತೆ ಮಾಡಿವೆ. ಕನ್ನಡದಲ್ಲಿ ‘ಎರೆ’ ಎಂದರೆ ಗಾಳಕ್ಕೆ ಸಿಕ್ಕಿಸುವ ತಿನಿಸೂ ಹೌದು, ಬಯಲುಸೀಮೆಯ ಕಪ್ಪು ಮಣ್ಣೂ ಹೌದು. ಮಿನೆಸೋಟದ ವೃತ್ತಾಂತ ಓದುವಾಗ ಆ ಎರಡು ಅರ್ಥಗಳೂ ಒಟ್ಟಿಗೆ ನೆನಪಿಗೆ ಬಂದವು.

ಈಚೆಗೆ ನಾನು ಸಾಧ್ಯವಾದಷ್ಟು ಮಟ್ಟಿಗೆ ಸಸಿಯ ಬದಲು ಬೀಜ ತಂದು ಮನೆಯ ಮಣ್ಣಿನಲ್ಲೇ ಮೊಳಕೆ ಬರಿಸುತ್ತಿದ್ದೇನೆ. ಮೇಲಿನ ತಾಕಿನ ಮಣ್ಣನ್ನು ಕೆಳಗೆ ಹೊರಿಸುವುದನ್ನು ನಿಲ್ಲಿಸಿದ್ದೇನೆ. ಸೊಪ್ಪಿನ ಬೆಟ್ಟಕ್ಕೆ ಹೋಗುವ ಮುನ್ನ ಗುದ್ದಲಿಯನ್ನೂ ಬೂಟನ್ನೂ ತೊಳೆಯುತ್ತೇನೆ. ಕೆಲಸಕ್ಕೆ ಬರುವವರಿಗೂ ಕಾರಣ ಹೇಳಿ ಹಾಗೆ ಮಾಡಿಸುತ್ತೇನೆ. ಬೆಟ್ಟಕ್ಕೂ ತೋಟಕ್ಕೂ ನಡುವೆ ಅಜ್ಜನ ಕಾಲದ ಅಗಳವೊಂದಿದೆ, ಮಳೆಗಾಲದಲ್ಲಿ ಅದರ ತುಂಬ ನೀರು ಹರಿಯುತ್ತದೆ. ಈ ವರ್ಷ ಆರಿದ್ರಾ ಮಳೆ ಹೊಳವಾದ ದಿನ ಅಗಳದ ಆಚೆ ಆರು ಕಡೆ ಅಗೆದು ನೋಡಿದೆ. ನೀಲಿ ಛಾಯೆಯ ದಪ್ಪ ಹುಳುಗಳು ಎರಡು ಸಿಕ್ಕವು, ಪೊರಕೆಬಾಲ ಒಂದೂ ಇರಲಿಲ್ಲ. ಈಚೆ ಬದಿಯಲ್ಲಿ, ಅಗಳಕ್ಕೆ ನಾಲ್ಕು ಹೆಜ್ಜೆ ಇರುವಲ್ಲಿ, ಒಂದೇ ಗುದ್ದಲಿ ಮಣ್ಣಿನಲ್ಲಿ ಏಳು ಪೊರಕೆಬಾಲಗಳು ಸಿಕ್ಕವು.